ಕಣ್ಣು ಮುಚ್ಚಿ ನೋಡಿದ ಜಿಗಿತಗಳು

ಕೆಲವರಿಗೆ ಎಲೆ-ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಕಣ್ಣು ಮುಚ್ಚಿಕೊಳ್ಳುವ ಚಟ. ಕೇಳಲು ಸಾತ್ವಿಕವಾಗಿದೆ ಎಂದು ಧ್ಯಾನ ಗೀನ ಅಂದುಕೊಳ್ಳಬೇಡಿ. ಹೆದರಿಕೆಯಾದಾಗ ಮುಚ್ಚಿಕೊಳ್ಳುತ್ತೇನೆ, ಅಷ್ಟೇ. ನರ್ಸು ಸೂಜಿ ಎತ್ತಿದಾಗ, ನಾನು ಕೂತ ಬಸ್ಸು ಮುಂದಿನ ಲಾರಿಯನ್ನು ಹಿಂದೆ ಹಾಕಲು ಹೊರಟಾಗ, ಕುಕ್ಕರು ಸೀಟಿ ಹಾಕದೆ ಸುಮ್ಮನೆ ಬುಸುಗುಡುವಾಗ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಫೋಟೋ ನೋಡಿದವರೆಲ್ಲ "ಹುಡುಗಿಗೆ ಎಷ್ಟು ಭಕ್ತಿ ನೋಡ್ರಿ" ಅನ್ನುತ್ತಾರೆ. ಭಕ್ತಿಯಲ್ಲ. ಬಾಗಿಲ ಹೊರಗೆ ಯಾರೋ ಪಟಾಕಿ ಸರಕ್ಕೆ ಕಡ್ಡಿ ಗೀರಿದ್ದು ಕಂಡಿತ್ತು.

ಹೊಟ್ಟೆಪಾಡಿಗೆ ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಗುರುತ್ವಾಕರ್ಷಣೆಯ ಪಾಠ ಬಂದಾಗ, ಮೇಲೆ ಹೋದದ್ದು ಕೆಳಗೆ ಬರಲೇಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಅದನ್ನು ನಿಯಮ ಎಂದು ಬರೆದುಕೊಳ್ಳುತ್ತಾರೆ. ನನಗೆ ಮಾತ್ರ ತಮ್ಮನ ನೆನಪಾಗುತ್ತದೆ.

ತಮ್ಮನ ಹೆಸರು ವೀರೇಶ. ಮನೆಯಲ್ಲಿ ವೀರೂ. ಅವನು ಆಡುವುದು ಪೋಲ್ ವಾಲ್ಟ್. ಉದ್ದನೆಯ ಗಳ ಹಿಡಿದು ಓಡಿ ಬಂದು, ಅದರ ತುದಿಯನ್ನು ನೆಲದ ಗುಳಿಯಲ್ಲಿ ಊರಿ, ಗಳ ಬಾಗಿ ನೆಟ್ಟಗಾಗುವಾಗ ಅದರ ಜೊತೆ ತಾನೂ ಮೇಲೆದ್ದು, ಮೂರು ಆಳೆತ್ತರದಲ್ಲಿ ಅಡ್ಡ ಇಟ್ಟ ಕೋಲನ್ನು ಬೀಳಿಸದೆ, ಗಳ ಕೈಬಿಟ್ಟು ದಾಟಿ, ಆಚೆಯ ಹಾಸಿಗೆಯ ಮೇಲೆ ಬೆನ್ನು ಕೊಟ್ಟು ಬೀಳುವ ಆಟ. ಇಂಗ್ಲಿಷ್ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಹಿಡಿಯುವುದು ಗಳ, ದಾಟುವುದು ಕೋಲು, ಅಲ್ಲಿಗೆ ಮುಗಿಯಿತು. ಮೊದಮೊದಲು ಅವ್ವ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಒರಳಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಲೇ ತೀರ್ಪು ಕೊಟ್ಟಿದ್ದಳು:

"ಗಳ ಬೀಳತೈತಿ, ಕೋಲ ಬೀಳತೈತಿ, ಇಂವನೂ ಬೀಳತಾನ. ಗೆದ್ರೂ ಬೀಳೂದು, ಸೋತ್ರೂ ಬೀಳೂದು. ಇದೆಂಥಾ ಹಾಳ ಆಟಪಾ?"

ಹನ್ನೆರಡು ವರ್ಷಗಳಿಂದ ಅವನು ಜಿಗಿಯುತ್ತಿದ್ದಾನೆ. ಹನ್ನೆರಡು ವರ್ಷಗಳಲ್ಲಿ ಒಂದು ಜಿಗಿತವನ್ನೂ ನಾನು ನೋಡಿಲ್ಲ. ನೋಡಲು ಹೋಗಿದ್ದೇನೆ, ಬಿಸಿಲಲ್ಲಿ ಟೊಪ್ಪಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದೇನೆ. ಅವನು ಓಡಿ ಬರುವುದನ್ನು ನೋಡುತ್ತೇನೆ, ಗಳ ಗುಳಿಗೆ ಬಡಿಯುವ ಟಕ್ ಎಂಬ ಸದ್ದು ಕೇಳುತ್ತೇನೆ. ಆಮೇಲಿನದೆಲ್ಲ ಕತ್ತಲು. ಜನ ಹೋ ಎಂದರೆ ದಾಟಿದ, ಅಯ್ಯೋ ಎಂದರೆ ಇಲ್ಲ. ನನ್ನ ತಮ್ಮನ ಆಟವನ್ನು ನಾನು ಪರರ ಬಾಯಿಂದಲೇ ನೋಡಿದವಳು.

ಈ ಸಲ ಪರದೇಶದಲ್ಲಿ ದೊಡ್ಡ ಅಂತರರಾಷ್ಟ್ರೀಯ ಕೂಟವಿತ್ತು. ಹೊರಡುವ ಮುಂಚೆ ಎರಡು ದಿನ ಬೆಟಗೇರಿಯ ಮನೆಗೆ ಬಂದಿದ್ದ. ನಾನೂ ರಜೆ ಹಾಕಿ ಹೋಗಿದ್ದೆ. ಊಟ ಮಾಡುತ್ತ, ರೊಟ್ಟಿಯ ತುಣುಕನ್ನು ಗಂಗಾಳದಲ್ಲೇ ಆಡಿಸುತ್ತ ಹೇಳಿದ:

"ಅಕ್ಕಾ, ನನಗೀಗ ಮೂವತ್ತು. ಭುಜಾ ಮೊದಲಿನಂಗ ಮಾತ ಕೇಳವಲ್ದು. ಇಷ್ಟ ದೊಡ್ಡ ಕೂಟ ಮತ್ತ ಸಿಗತೈತೋ ಇಲ್ಲೋ. ಇದೊಂದ ಸಲ ಕಣ್ಣ ತಗದ ನೋಡು."

"ನೋಡತೀನಿ ಬಿಡು," ಎಂದೆ.

"ಹಂಗಲ್ಲ. ಆಣಿ ಮಾಡು."

ಆಣೆ ಮಾಡಿದೆ. ಮಾಡುವಾಗ ಕಣ್ಣು ಮುಚ್ಚಿಕೊಂಡಿದ್ದೆ ಎಂದು ಅವನು ಆಮೇಲೆ ನಕ್ಕ.

ಅವನಿಗೆ ಇದು ಸಣ್ಣ ಮಾತು. ನನಗಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮ ಅಪ್ಪನ ಅಡ್ಡೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

ಬೆಟಗೇರಿಯಲ್ಲಿ ಅಪ್ಪನದು ಬಿದಿರಿನ ಅಡ್ಡೆ. ಮನೆಗೆ ಹತ್ತಿದಂತೆಯೇ ಅಂಗಳ, ಅಂಗಳದ ತುಂಬ ಗೋಡೆಗೊರಗಿ ನಿಂತ ಗಳಗಳು. ನಾವಿಬ್ಬರೂ ಆಡಿ ಬೆಳೆದದ್ದು ಅವುಗಳ ನೆರಳಲ್ಲಿ. ಲಾರಿಯಿಂದ ಹಸಿ ಬಿದಿರು ಇಳಿದ ದಿನ ಮನೆಯೆಲ್ಲ ಒಂದು ನಮೂನಿ ಒಗರು ವಾಸನೆ. ಮದುವೆಯ ಹಂದರಕ್ಕೆ, ಹೊಸ ಮನೆಯ ಗೋಡೆಗೆ ನಿಲ್ಲಿಸುವ ಸಾರುವೆಗೆ, ಅವರೆ ಬಳ್ಳಿಗೆ, ಅರಿವೆ ಒಣಹಾಕಲು, ಎಲ್ಲಕ್ಕೂ ಗಳ ಬೇಕು. ಒಯ್ದವರಿಗೆಲ್ಲ ಅಪ್ಪ "ಮತ್ತ ಬರ್ರಿ" ಅನ್ನುತ್ತಾನೆ. ಒಂದೇ ಒಂದು ಗಿರಾಕಿಗೆ ಅನ್ನುವುದಿಲ್ಲ. ಆ ಗಿರಾಕಿ ಬಂದರೆ ಗಳ ಆರಿಸುವುದಿಲ್ಲ, ಉದ್ದ ಕೇಳುವುದಿಲ್ಲ, "ಎರಡ ಹಸಿ ಗಳ ಕೊಡ್ರಿ" ಎಂದು ನೆಲ ನೋಡುತ್ತ ನಿಲ್ಲುತ್ತಾನೆ. ಚಟ್ಟಕ್ಕೆ ಎಂದು ಅವನೂ ಹೇಳುವುದಿಲ್ಲ, ಅಪ್ಪನೂ ಕೇಳುವುದಿಲ್ಲ. ತಾನೇ ನೆಟ್ಟಗಿರುವ ಎರಡನ್ನು ಆರಿಸಿ, ಹೆಗಲಿಗೆ ಕೊಟ್ಟು, ಸುಮ್ಮನೆ ಒಳಗೆ ಬರುತ್ತಾನೆ.

ನಾನು ಎಂಟು ವರ್ಷದವಳಿದ್ದಾಗ, ಅಪ್ಪ ಊಟಕ್ಕೆ ಕೂತ ಹೊತ್ತಿನಲ್ಲಿ ಅಂಥ ಒಬ್ಬ ಗಿರಾಕಿ ಬಂದ. ಅಪ್ಪ ಕೈತೊಳೆದು ಬಂದು ಗಳ ಕೊಟ್ಟ. ನನಗೆ ವ್ಯಾಪಾರದ ಉಮೇದು. ಬಾಗಿಲ ತನಕ ಓಡಿ ಹೋಗಿ, ಊರಿಗೆಲ್ಲ ಕೇಳುವಂತೆ "ಮತ್ತ ಬರ್ರೀ ಕಾಕಾ!" ಎಂದೆ. ಅಪ್ಪನ ಮುಖ ಬಾಡಿಹೋಯಿತು. ಆ ಕಾಕಾ ತಿರುಗಿ ನನ್ನ ಕಡೆ ನೋಡಿ, ಸಿಟ್ಟಿಲ್ಲದೆ, "ಬರೂದ ಐತವ್ವಾ, ಯಾರಿಗೂ ಬಿಟ್ಟಿದ್ದಲ್ಲ" ಎಂದು ಹೋದ. ಆಮೇಲೆ ಅವ್ವ ನನ್ನ ಬಾಯಿಗೆ ಹೊಡೆದಳು. ಅಂದಿನಿಂದ ಗಳ ಹೊತ್ತು ಹೋಗುವವರನ್ನು ಕಂಡರೆ ನನಗೆ ಒಳಗೊಳಗೇ ಹೆದರಿಕೆ, ಅದು ಹಂದರಕ್ಕೇ ಇರಲಿ.

ಈಗ ಯೋಚಿಸಿ, ವೀರೂ ಹೊರಡುವ ದಿನ ಆದದ್ದನ್ನು. ಅವನ ಗಳಗಳು ಬಿದಿರಿನವಲ್ಲ, ಗಾಜಿನ ನಾರಿನವು. ಹಾದಿಯಲ್ಲಿ ಪೆಟ್ಟಾಗಬಾರದೆಂದು ಎಲ್ಲವನ್ನೂ ಸೇರಿಸಿ ಅಪ್ಪನ ಹಳೆಯ ಬಿಳಿ ಧೋತರದಲ್ಲಿ ಸುತ್ತಿ, ಅಲ್ಲಲ್ಲಿ ಹಗ್ಗ ಬಿಗಿದಿದ್ದ. ಓಣಿ ಸಣ್ಣದು, ಟೆಂಪೋ ಒಳಗೆ ಬರುವುದಿಲ್ಲ. ಮುಂದೆ ಅವನ ಗೆಳೆಯ, ಹಿಂದೆ ವೀರೂ, ಉದ್ದನೆಯ ಆ ಬಿಳಿ ಗಂಟನ್ನು ಹೆಗಲ ಮೇಲೆ ಹೊತ್ತು ಅಡ್ಡೆಯ ಬಾಗಿಲಿಂದ ಹೊರಬಿದ್ದರು. ಹಿಂದೆ ನಾವು ಮನೆಮಂದಿ. ಎದುರು ಮನೆಯ ನೀಲವ್ವ, ಎಂಬತ್ತರ ಮುದುಕಿ, ಕಟ್ಟೆಯ ಮೇಲೆ ಕೂತವಳು ಗಡಬಡಿಸಿ ಎದ್ದು ಚಪ್ಪಲಿ ಬಿಟ್ಟು ಕೈಮುಗಿದಳು.

"ಯಾರ ಹೋದ್ರೋ ನಮ್ಮಪ್ಪಾ?"

"ಯಾರೂ ಹೋಗಿಲ್ಲಬೇ," ವೀರೂ ನಗುನಗುತ್ತ ಕೂಗಿದ, "ನಾನ ಹೊಂಟೇನಿ!"

ಓಣಿಯೇ ಗೊಳ್ಳೆಂದಿತು. ಅವ್ವ ಮಾತ್ರ ಎದೆ ಹಿಡಿದುಕೊಂಡು ನಿಂತಳು. ಅಷ್ಟು ಸಾಲದು ಎಂಬಂತೆ, ಟೆಂಪೋ ಹತ್ತುವ ಮುಂಚೆ ವೀರೂ ಕಾಲು ಮುಟ್ಟಿದಾಗ ಅಪ್ಪನ ಬಾಯಿಂದ ಮಾತೇ ಹೊರಡಲಿಲ್ಲ. "ಹೋಗಿ ಬಾ" ಎಂಬ ಎರಡು ಮಾತೂ ಬರಲಿಲ್ಲ. ಗಳ ಹೊತ್ತವರಿಗೆ ಮತ್ತೆ ಬಾ ಅನ್ನದೆ ನಲವತ್ತು ವರ್ಷ ಗಟ್ಟಿಯಾದ ನಾಲಿಗೆ, ಬಿಳಿ ಬಟ್ಟೆ ಸುತ್ತಿದ ಆ ಗಳಗಳ ಮುಂದೆ ತಾನಾಗಿ ಬಿಗಿದುಕೊಂಡಿತ್ತು. ಮಗನ ಬೆನ್ನ ಮೇಲೆ ಕೈಯಿಟ್ಟು ನಿಂತ. ಟೆಂಪೋ ಹೋಯಿತು.

"ಹೋಗಿ ಬಾ ಅನ್ನಾಕ ಏನ್ ಧಾಡಿಯಾಗಿತ್ರಿ ನಿಮಗ?" ಅವ್ವ ಓಣಿಯಲ್ಲೇ ಶುರುಮಾಡಿದಳು. "ಹಡದ ಮಗಾ ಅಂವ, ಗಿರಾಕಿ ಅಲ್ಲ!"

ಅಪ್ಪ ಒಳಗೆ ಹೋಗಿ ಬಿದಿರಿನ ಗಂಟು ಸವರುತ್ತ ಕೂತ. ನಾನು ವಿಜ್ಞಾನದ ಟೀಚರು. ಶಕುನ ಗಿಕುನ ನಂಬಬಾರದೆಂದು ಮಕ್ಕಳಿಗೆ ಹೇಳುವವಳು. ಆ ದಿನ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ, ಅಪ್ಪನ ಬದಲು ನಾನೇ ಬಾಯೊಳಗೆ "ಹೋಗಿ ಬಾ, ಹೋಗಿ ಬಾ" ಅಂದುಕೊಳ್ಳುತ್ತ ಬಂದೆ.

ಆದರೆ ನನ್ನ ಹೆದರಿಕೆಯ ಬೇರು ಇದಲ್ಲ. ಅದು ಇನ್ನೂ ಹಳೆಯದು.

ಅಪ್ಪ ಒಂದು ಕಾಲಕ್ಕೆ ನಿಚ್ಚಣಿಕೆ ಕಟ್ಟುವುದರಲ್ಲಿ ಹೆಸರಾದವನು. ನಿಚ್ಚಣಿಕೆ ಎಂದರೆ ಏಣಿ. ಮುಂಡರಗಿ, ಶಿರಹಟ್ಟಿ, ಡೋಣಿಯಿಂದ ಜನ ಬಂದು ಒಯ್ಯುತ್ತಿದ್ದರು. ಮೊಳೆ ಹೊಡೆಯುತ್ತಿರಲಿಲ್ಲ. ಗಳಕ್ಕೆ ತೂತು ಕೊರೆದು, ಮೆಟ್ಟಿಲು ತೂರಿಸಿ, ನೆನೆಸಿದ ಹಗ್ಗದಿಂದ ಬಿಗಿದು, ಕಟ್ಟಿ ಮುಗಿಸಿದ ಮೇಲೆ ಅದನ್ನು ಗೋಡೆಗೆ ನಿಲ್ಲಿಸಿ ಪ್ರತಿ ಮೆಟ್ಟಿಲ ಮೇಲೆ ತಾನೇ ಹತ್ತಿ ಕುಣಿಯುತ್ತಿದ್ದ. ಕುಣಿಯದೆ ಒಂದನ್ನೂ ಕೊಟ್ಟವನಲ್ಲ. ಅಪ್ಪ ನಿಚ್ಚಣಿಕೆಯ ಮೇಲೆ ಕುಣಿಯುವಾಗ ಓಣಿಯ ಮಕ್ಕಳೆಲ್ಲ ಸೇರಿ ಚಪ್ಪಾಳೆ ತಟ್ಟುತ್ತಿದ್ದೆವು. ನಾನು ಚಪ್ಪಾಳೆಯನ್ನೂ ಕಣ್ಣು ಮುಚ್ಚಿಯೇ ತಟ್ಟುತ್ತಿದ್ದೆ.

ನನಗೆ ಹನ್ನೊಂದು, ವೀರೂಗೆ ಆರು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿತ್ತು. ಅವ್ವ ಗಿರಣಿಗೆ ಹೋಗುವಾಗ, "ಗಿರಿಜಾ, ಕಾಯಿ ಒಂದ ಸಲ ತಿರುವಿ ಹಾಕು, ನಿಚ್ಚಣಿಕಿ ಗಟ್ಟಿ ಹಿಡ್ಕೊಂಡ ಹತ್ತು" ಎಂದಳು. ಗಟ್ಟಿ ಹಿಡ್ಕೋ ಎಂಬುದು ಅವ್ವನ ಉಸಿರು. ಬಸ್ಸು ಹತ್ತುವವರಿಗೆ, ಬೈಕಿನ ಹಿಂದೆ ಕೂಡುವವರಿಗೆ, ಕುರ್ತಕೋಟಿಗೆ ಚಕ್ಕಡಿಯಲ್ಲಿ ಹೋಗುವವರಿಗೆ, ಎಲ್ಲರಿಗೂ ಅವಳದು ಅದೊಂದೇ ಆಶೀರ್ವಾದ. ನನಗೆ ಎರಡನೆಯ ಮೆಟ್ಟಿಲಿಗೇ ತಲೆ ಸುತ್ತುತ್ತದೆ. ಅದಕ್ಕೆ ತಮ್ಮನನ್ನು ಪುಸಲಾಯಿಸಿದೆ. "ನೀ ಹತ್ತು, ನಾ ಕೆಳಗ ಹಿಡ್ಕೋತೀನಿ. ಶೇಂಗಾ ಉಂಡಿ ನಂದೂ ನಿನಗ." ಅವನು ಮಂಗನ ಹಾಗೆ ಹತ್ತಿದ. ಮೇಲಿನ ಮೆಟ್ಟಿಲಲ್ಲಿ ನಿಂತು, ಮಾಳಿಗೆಯ ಮೇಲೆ ಕಾಲಿಡದೆ, ಅಲ್ಲಿಂದಲೇ ಕೈ ಚಾಚಿ ಕಾಯಿ ತಿರುವತೊಡಗಿದ. ನಿಚ್ಚಣಿಕೆ ಒಂದು ಬದಿಗೆ ತುಸು ಜರುಗಿತು. ಬಿಗಿಯಾಗಿ ಹಿಡಿದಿದ್ದರೆ ನಿಲ್ಲುತ್ತಿತ್ತು.

ನನಗೆ ಹೆದರಿಕೆಯಾಯಿತು. ಕಣ್ಣು ಮುಚ್ಚಿಕೊಂಡೆ. ಬರೀ ರೆಪ್ಪೆಯಿಂದಲ್ಲ, ಎರಡೂ ಅಂಗೈಯಿಂದ.

ಅಂಗೈ ಕಣ್ಣಿಗೆ ಹೋದರೆ ನಿಚ್ಚಣಿಕೆಗೆ ಏನು ಉಳಿಯಿತು, ನೀವೇ ಹೇಳಿ.

ಕಣ್ಣು ತೆರೆದಾಗ ವೀರೂ ನೆಲದ ಮೇಲಿದ್ದ. ಅಳಲಿಲ್ಲ. ಎಡ ಮೊಣಕೈ ತಿರುಗಬಾರದ ಕಡೆ ತಿರುಗಿತ್ತು, ಅದನ್ನೇ ನೋಡುತ್ತಿದ್ದ. ಗಿರಣಿಯಿಂದ ಬಂದ ಅವ್ವ ಬಾಗಿಲಲ್ಲೇ ಹಿಟ್ಟಿನ ಡಬ್ಬಿ ಕೈಬಿಟ್ಟು "ವೀರೂ!" ಎಂದು ಚೀರಿದಳು. ಅಪ್ಪ ಅಡ್ಡೆಯ ಹಿಂದಿನಿಂದ ಓಡಿ ಬಂದ. "ಏನಾತು?" ಎಂದು ನನ್ನನ್ನು ಕೇಳಿದ. ಹನ್ನೊಂದು ವರ್ಷದ ಹುಡುಗಿಗೆ ಸುಳ್ಳು ಎಷ್ಟು ಜಲ್ದಿ ಹೊಳೆಯುತ್ತದೆ ಎಂಬುದು ನನಗೆ ಈಗಲೂ ಆಶ್ಚರ್ಯ.

"ಮೆಟ್ಲಾ ಸಡ್ಲಿತ್ತಪಾ. ಕಾಲ ಜಾರಿತು."

ಎಲುಬು ಕೂಡಿಸುವವರ ಹತ್ತಿರ ಕಟ್ಟಿಸಿಕೊಂಡು ಬಂದ ಮೇಲೆ, ಅಪ್ಪ ನಿಚ್ಚಣಿಕೆಯನ್ನು ಅಂಗಳದಲ್ಲಿ ಮಲಗಿಸಿ ಮೇಲಿನ ಮೆಟ್ಟಿಲನ್ನು ಎರಡೂ ಕೈಯಿಂದ ಹಿಡಿದು ತಿರುವಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮತ್ತೆ ತಿರುವಿದ, ಅಲುಗಲಿಲ್ಲ. ಆದರೂ ಅಪ್ಪ ಮೆಟ್ಟಿಲನ್ನು ನಂಬಲಿಲ್ಲ, ಮಗಳನ್ನು ನಂಬಿದ. ಕೊಡಲಿ ತಂದು ನಿಚ್ಚಣಿಕೆ ಸೀಳಿ ನೀರೊಲೆಗೆ ಹಾಕಿದ. ಆಮೇಲೆ ಒಂದನ್ನೂ ಕಟ್ಟಲಿಲ್ಲ. ಕೇಳಿಕೊಂಡು ಬಂದವರಿಗೆ, "ನನ್ನ ಕೈ ಕೆಟ್ಟೈತ್ರಿ, ಬ್ಯಾರೇ ಕಡೆ ನೋಡ್ರಿ" ಎಂದು ಕಳಿಸಿದ. ವೀರೂನ ಮೊಣಕೈ ಕೂಡಿತು, ಸ್ವಲ್ಪ ಸೊಟ್ಟ ಉಳಿಯಿತು. ಅಪ್ಪ ಆ ಸೊಟ್ಟ ಕೈಯನ್ನು ನೋಡಿದಾಗೆಲ್ಲ ಬೇರೆ ಕಡೆ ತಿರುಗುತ್ತಿದ್ದ. ನಾನೂ ತಿರುಗುತ್ತಿದ್ದೆ, ಬೇರೆ ಕಾರಣಕ್ಕೆ.

ಬಿದ್ದ ಹುಡುಗ ಹೆದರಬೇಕಿತ್ತು. ಹೆದರಿಕೆಯೆಲ್ಲ ಬೀಳಿಸಿದವಳ ಪಾಲಿಗೆ ಬಂತು. ಕೈ ಕೂಡಿದ್ದೇ ತಡ ಅವನು ಅಡ್ಡೆಯ ಗಳ ಹಿಡಿದು ಗಟಾರ ದಾಟತೊಡಗಿದ. ರಜೆಗೆ ಕುರ್ತಕೋಟಿಯ ಸೋದರಮಾವನ ಹೊಲಕ್ಕೆ ಹೋದರೆ ಗಳ ಊರಿ ಹೊಟ್ಟಿನ ರಾಶಿಯ ಮೇಲೆ ಬೀಳುತ್ತಿದ್ದ. ಅಲ್ಲಿಂದ ಶಾಲೆ, ಕ್ರೀಡಾ ಹಾಸ್ಟೆಲ್ಲು, ನೌಕರಿ, ಈಗ ಪರದೇಶ. ಎರಡು ವರ್ಷದ ಹಿಂದೆ ತಾಲೀಮಿನಲ್ಲಿ ಗಳ ನಡುವೆಯೇ ಮುರಿದು ಅಂಗೈ ಹರಿಯಿತು. ಯಾರೋ ಅದರ ವಿಡಿಯೋ ಕಳಿಸಿದರು. ಅದು ಇನ್ನೂ ನನ್ನ ಫೋನಿನಲ್ಲಿದೆ. ಒಮ್ಮೆಯೂ ಒತ್ತಿ ನೋಡಿಲ್ಲ.

ಈಗ ನನ್ನ ಸಂಕಟ ನಿಮಗೆ ತಿಳಿದಿರಬೇಕು. ಕಣ್ಣು ತೆರೆದು ನೋಡಿದರೆ, ಅವನು ಬೀಳುವುದನ್ನು ನೋಡಬೇಕಾದೀತು. ಮುಚ್ಚಿದರೆ, ಹಿಂದೆ ಒಮ್ಮೆ ನಾನು ಮುಚ್ಚಿದಾಗಲೇ ಅವನು ಬಿದ್ದದ್ದು.

ಕೂಟದ ದಿನ ಭಾನುವಾರ. ಅಲ್ಲಿ ಸಂಜೆಯಾದರೆ ನಮಗೆ ಊಟದ ಹೊತ್ತು. ಬೆಟಗೇರಿಯ ಮನೆಯಲ್ಲಿ ಫೋನನ್ನು ಟೀವಿಗೆ ಜೋಡಿಸಿ ಅವ್ವ, ನಾನು, ಎದುರು ಮನೆಯ ನೀಲವ್ವ ಕೂತೆವು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತ. ಅಪ್ಪನಿಗೆ ಅಚ್ಚಾದದ್ದೆಲ್ಲ ಓದುವ ಅಭ್ಯಾಸ, ಮಿರ್ಚಿ ಕಟ್ಟಿ ಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದುತ್ತಾನೆ. ಆವತ್ತು ಮಾತ್ರ ಪೇಪರಿನ ಒಂದೇ ಪುಟ ಒಂದೂವರೆ ತಾಸು ಹಿಡಿಯಿತು.

ಮೊದಲ ಎರಡು ಎತ್ತರವನ್ನು ವೀರೂ ಸಲೀಸಾಗಿ ದಾಟಿದನಂತೆ. 'ಅಂತೆ' ಯಾಕೆಂದರೆ ಆಣೆ ಮಾಡಿದ ಕಣ್ಣುಗಳು ಗಳ ಊರುವ ಸದ್ದಿಗೇ ತಾವಾಗಿ ಮುಚ್ಚಿಕೊಂಡವು. ಎರಡೂ ಸಲ ಹೊರಗಿನಿಂದ ಅಪ್ಪ ಕೇಳಿದ್ದು ಒಂದೇ ಮಾತು.

"ಎದ್ದನ?"

ದಾಟಿದನೇ ಎಂದಲ್ಲ. ಎದ್ದನೇ ಎಂದು.

"ಎದ್ದಾನ," ಅವ್ವ ಒಳಗಿನಿಂದ ಕೂಗುತ್ತಿದ್ದಳು.

ಕೋಲನ್ನು ಇನ್ನೊಂದು ಗೇಣು ಮೇಲಕ್ಕೇರಿಸಿದರು. ಒಂದೊಂದು ಎತ್ತರಕ್ಕೆ ಮೂರು ಸಲ ಅವಕಾಶ, ಮೂರೂ ತಪ್ಪಿದರೆ ಆಟ ಮುಗಿಯಿತು. ಮೊದಲನೆಯದರಲ್ಲಿ ಕೋಲು ಬಿತ್ತು, ಕೆಂಪು ಬಾವುಟ. "ಎದ್ದನ?" "ಎದ್ದಾನ." ಎರಡನೆಯದಕ್ಕೆ ಅವನು ಓಡಿ ಬಂದ, ಟಕ್ ಎಂದಿತು, ನನ್ನ ಕಣ್ಣು ಮುಚ್ಚಿತು. ಜನ ಹೋ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. ಅವ್ವ ಚೀರಿದಳು.

"ವೀರೂ!"

ಅದೇ ಚೀರು. ಹಿಟ್ಟಿನ ಡಬ್ಬಿ ಬಿದ್ದ ದಿನದ್ದು. ಇಪ್ಪತ್ತನಾಲ್ಕು ವರ್ಷ ಆ ಧ್ವನಿ ಎಲ್ಲಿತ್ತೋ. ಕಣ್ಣು ತೆರೆದೆ. ಗಳ ಪೂರ್ತಿ ನೆಟ್ಟಗಾಗದೆ ಅವನನ್ನು ಹಾಸಿಗೆಯ ಬದಲು ಓಡಿ ಬಂದ ದಾರಿಗೇ ತಿರುಗಿ ಎಸೆದಿತ್ತು. ವೀರೂ ಪಾದ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಯಾರೋ ಇಬ್ಬರು ಅವನ ಕಡೆ ಓಡುತ್ತಿದ್ದರು. ಅಷ್ಟು ಕಂಡದ್ದೇ, ಟೀವಿಯವರಿಗೆ ಏನು ಹೊಳೆಯಿತೋ, ಚಿತ್ರ ಬದಲಾಗಿ ದೂರದ ಓಟ ಬಂತು. ಇಪ್ಪತ್ತೈದು ಸುತ್ತಿನ ಓಟ. ಹತ್ತು ಹನ್ನೆರಡು ಜನ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರು.

"ಇವರನ್ನ ಯಾರ್ ಕೇಳ್ಯಾರ?" ಅವ್ವ ಟೀವಿಗೇ ಕೈ ಮಾಡಿ ಬೈದಳು. "ನನ್ನ ಮಗನ್ನ ತೋರಸ್ರೋ!"

"ಎದ್ದನ?" ಹೊರಗಿನಿಂದ ಅಪ್ಪ.

ಅವ್ವ ಟೀವಿಯ ಹತ್ತಿರ ಸರಿದು ಕೂತಳು.

"ಏ, ಎದ್ದನ?"

ಅವರು ಸುತ್ತುತ್ತಲೇ ಇದ್ದರು. ನೀಲವ್ವ ಜಪ ಶುರುಮಾಡಿದಳು. ನನಗೆ ಕಣ್ಣು ಮುಚ್ಚಿಕೊಳ್ಳಲು ಎದುರಿಗೆ ಏನೂ ಇರಲಿಲ್ಲ. ಕಾಣದ್ದಕ್ಕೆ ಕಣ್ಣು ಮುಚ್ಚಿ ಏನು ಉಪಯೋಗ? ಆ ಹೊತ್ತಿನಲ್ಲಿ ನಾನು ಜೀವನದಲ್ಲಿ ಮೊದಲ ಸಲ, ದೇವರೇ, ತೋರಿಸು, ನೋಡುತ್ತೇನೆ, ಏನಿದ್ದರೂ ನೋಡುತ್ತೇನೆ ಎಂದು ಬೇಡಿಕೊಂಡೆ. ಹೊರಗೆ ಪೇಪರ್ ಮಡಿಚಿದ ಸದ್ದಾಯಿತು. ಅಪ್ಪ ಎದ್ದು ಬಂದು ಹೊಸ್ತಿಲ ಮೇಲೆ ನಿಂತ. ಹನ್ನೆರಡು ವರ್ಷದಲ್ಲಿ ಮಗನ ಆಟವಿದ್ದಾಗ ಅವನು ಹೊಸ್ತಿಲ ತನಕವೂ ಬಂದವನಲ್ಲ.

ಮತ್ತೆ ಚಿತ್ರ ಬದಲಾಯಿತು. ವೀರೂ ನಿಂತಿದ್ದ. ಪಾದಕ್ಕೆ ಬಿಳಿ ಪಟ್ಟಿ ಸುತ್ತಿದ್ದರು, ಕೈಯಲ್ಲಿ ಗಳ. ಮೂರನೆಯ, ಕಡೆಯ ಸರದಿ.

"ಬ್ಯಾಡ," ಅವ್ವ ಮೆಲ್ಲಗೆ ಅಂದಳು. "ಸಾಕು, ಬಾ ಮನಿಗೆ."

ಅವನು ಬಲಗಾಲನ್ನು ನೆಲಕ್ಕೆ ಎರಡು ಸಲ ಒತ್ತಿ ನೋಡಿದ. ಗಳ ಎತ್ತಿದ. ಆ ಸೊಟ್ಟ ಮೊಣಕೈ ಟೀವಿಯ ತುಂಬ ಕಂಡಿತು. ನಾನು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತೆ.

ಓಡಿದ. ಮೊದಲ ನಾಲ್ಕು ಹೆಜ್ಜೆ ಕುಂಟು, ಆಮೇಲೆ ಕುಂಟು ಹೋಯಿತು. ಟಕ್ ಎಂದಿತು. ಕಣ್ಣು ನೀರಾಡಿತು, ಮುಚ್ಚಲಿಲ್ಲ. ಆಮೇಲೆ ನನಗೆ ಗೊತ್ತೇ ಇಲ್ಲದ್ದೆಲ್ಲ ಕಂಡಿತು. ಗಳ ಮುರಿದೇಹೋಯಿತು ಎಂಬಷ್ಟು ಬಾಗಿತು. ವೀರೂ ತಲೆಕೆಳಗಾದ. ಕಾಲು ಆಕಾಶಕ್ಕೆ, ತಲೆ ನೆಲಕ್ಕೆ, ಹಾಗೇ ಮೇಲೆ ಮೇಲೆ ಹೋದ. ಗಳದ ತುದಿಯಲ್ಲಿ ಒಂದೇ ಕೈಯಲ್ಲಿ ನಿಂತ, ಕೋಲಿನಾಚೆ ಕಾಲು ದಾಟಿತ್ತು, ಮೈ ಇನ್ನೂ ಈಚೆಗಿತ್ತು.

"ಗಟ್ಟಿ ಹಿಡ್ಕೊಳ್ಳೋ!" ಅವ್ವ ಜೀವ ಹೋದಂತೆ ಕೂಗಿದಳು.

"ಬ್ಯಾಡೋ! ಬಿಡು! ಬಿಟ್ಟಬಿಡು ವೀರೂ!" ಎಂದು ಕಿರುಚಿದ್ದು ಯಾರೆಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ.

ಬಿಟ್ಟ. ಗಳ ಹಿಂದಕ್ಕೆ ಬಿತ್ತು. ಎದೆ ಕೋಲಿಗೆ ಸವರಿ, ಕೋಲು ಗಡಗಡ ನಡುಗಿತು, ಅಲ್ಲೇ ನಿಂತಿತು. ಅವನು ಬೆನ್ನಾಗಿ ಕೆಳಗೆ ಬಂದ. ಎಷ್ಟು ಹೊತ್ತು ಬಂದ, ಮಾರಾಯರೇ! ಬೀಳುವುದು ಅಷ್ಟು ಸಾವಕಾಶ ಎಂದು ಯಾವ ಪಾಠದಲ್ಲೂ ನಾನು ಕಲಿಸಿಲ್ಲ. ಹಾಸಿಗೆಯ ಮೇಲೆ ಬಿದ್ದ. ಬಿಳಿ ಬಾವುಟ ಎದ್ದಿತು.

"ಎದ್ದನ?" ಹೊಸ್ತಿಲಿನಿಂದ ಅಪ್ಪ ಕೇಳಿದ. ಟೀವಿ ಎದುರಿಗೇ ಇತ್ತು. ಆಗ ತಿರುಗಿ ನೋಡಿದೆ. ಅಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದ. ಚಟ ಯಾರಿಂದ ಬಂದದ್ದೆಂದು ನನಗೆ ಮೂವತ್ತೈದನೆಯ ವಯಸ್ಸಿಗೆ ತಿಳಿಯಿತು.

"ಎದ್ದಾನಪಾ," ಎಂದೆ. "ನಾ ನೋಡಿದೆ. ಎದ್ದು ನಿಂತಾನ."

ಮುಂದಿನ ಎತ್ತರದಲ್ಲಿ ವೀರೂ ಮೂರು ಸಲವೂ ಕೋಲು ಬೀಳಿಸಿದ. ಆರನೆಯವನಾದ, ಪದಕವಿಲ್ಲ. ಗೆದ್ದವನೂ ಕೊನೆಗೆ ಇನ್ನೂ ಎತ್ತರ ಇಡಿಸಿ, ಮೂರು ಸಲ ಕೋಲು ಬೀಳಿಸಿಯೇ ಆಟ ಮುಗಿಸಿದ. ಈ ಆಟದ ರೀತಿಯೇ ಹಾಗಂತೆ. ಅವ್ವನಿಗೆ ಅದರಿಂದ ಬಹಳ ಸಮಾಧಾನವಾಯಿತು. "ನಾ ಹೇಳಿದ್ದಿಲ್ಲೇನು, ಎಲ್ಲಾರೂ ಬೀಳವರ" ಎಂದು ಎದ್ದು ಚಹಾ ಇಟ್ಟಳು.

ಚಹಾ ಕುಡಿಯುವಾಗ ಅವನ ಫೋನು ಬಂತು. ಪಾದ ಉಳುಕಿದೆ, ಮುರಿದಿಲ್ಲ ಎಂದ. ಅವ್ವ ಮೊದಲು ಅತ್ತಳು, ಆಮೇಲೆ ವಿಮಾನದಲ್ಲಿ ಗಟ್ಟಿ ಹಿಡಿದುಕೊಂಡು ಕೂಡಬೇಕೆಂದು ಹೇಳಿದಳು. ಅಪ್ಪನ ಕೈಗೆ ಫೋನು ಕೊಟ್ಟೆವು. ಅಪ್ಪ ಅದನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ.

"ಮತ್ತ... ಬಾಪಾ," ಎಂದ. "ಜಲ್ದಿ ಬಾ."

ಆಮೇಲೆ ಫೋನು ತಗೊಂಡು ನಾನು ಅಡ್ಡೆಗೆ ಹೋದೆ. ಗಳಗಳ ನಡುವೆ ನಿಂತುಕೊಂಡೆ.

"ನೋಡಿದೇನಕ್ಕಾ?"

"ನೋಡಿದೆ."

"ಖರೆ?"

"ಖರೇನೋ. ನಿನ್ನ ಎದಿ ಕೋಲಿಗೆ ತಾಕ್ತು." ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಹೊತ್ತು ಮೀರಿದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. "ವೀರೂ, ಅವತ್ತ ನಿಚ್ಚಣಿಕಿ ಬಿಟ್ಟಾಕಿ ನಾನ. ಅಪ್ಪಗ ಸುಳ್ಳ ಹೇಳಿದ್ದೆ."

ಆ ಕಡೆ ಮೈದಾನದ ಗದ್ದಲ ಕೇಳುತ್ತಿತ್ತು.

"ಗೊತ್ತೈತಲ್ಲಕ್ಕಾ," ಎಂದ.

"ಹೆಂಗ ಗೊತ್ತು?"

"ಬೀಳೂ ಮುಂದ ನಿನ್ನ ಮಾರೀನ ನೋಡಿದೆ. ಎರಡೂ ಕೈಲೆ ಕಣ್ಣ ಮುಚ್ಚಿದ್ದಿ. ಆವತ್ತಿಂದ ಮುಚ್ಚೇ ಇದ್ದಿ. ನಾ ಬಿದ್ದದ್ದು ಒಂದಽ ಸಲ. ಎದ್ದದ್ದು ಎಷ್ಟ ಸಲ ಅನ್ನೂದ ನೀ ನೋಡಽ ಇಲ್ಲ. ಅದಕ್ಕ ಆಣಿ ಹಾಕಿಸಿದೆ."

ಪಕ್ಕದ ಗಳವೊಂದನ್ನು ಹಿಡಿದುಕೊಂಡೆ. ಅವನೇ ಕೇಳಿದ, "ಅಪ್ಪಗ ಹೇಳೀಯೇನು?"

"ಇಲ್ಲೋ. ಹೆದರಿಕಿ ಆಗತೈತಿ."

"ಹೇಳು," ಎಂದ. "ಮುದುಕಾ ಮತ್ತ ನಿಚ್ಚಣಿಕಿ ಮ್ಯಾಲ ಕುಣೀಲಿ."

ಎರಡು ಸಲ ಬೆಟಗೇರಿಗೆ ಹೋದೆ, ಎರಡು ಸಲವೂ ಅಪ್ಪನ ಎದುರು ಚಹಾ ಕುಡಿದು ವಾಪಸು ಬಂದೆ. ಬಾಯಿಂದ ಆಗದ್ದು ಕೈಯಿಂದಲಾದರೂ ಆಗಲಿ ಎಂದು ಇದನ್ನು ಬರೆದಿದ್ದೇನೆ. ಅಚ್ಚಾದದ್ದನ್ನೆಲ್ಲ ಓದುವ ಮನುಷ್ಯ, ಇದನ್ನೂ ಓದುತ್ತಾನೆ. ಓದುವಾಗ ನಾನು ಎದುರಿಗೇ ಕೂತಿರುತ್ತೇನೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು.

ಅಪ್ಪಾ, ಆ ಮೆಟ್ಟಿಲು ಗಟ್ಟಿ ಇತ್ತು.